ಹ್ಯಾಲಿಮೀಡ: ಮರಳನ್ನು ಬೆಳೆಯುವ ಕಡಲ ಪಾಚಿ

ಮರಳು ಕಲ್ಲಿನಿಂದ ಹುಟ್ಟಿದ್ದು ಎಂಬುದು ನಮ್ಮೆಲ್ಲರ ತಿಳಿವಳಿಕೆ. ಕಾವೇರಿ, ತುಂಗಭದ್ರೆಗಳ ದಡದಲ್ಲಿ ಹರಡಿರುವ ಮರಳಿನ ಮಟ್ಟಿಗೆ ಈ ಮಾತು ನಿಜವೇ ಸರಿ. ಬೆಟ್ಟದ ಬಂಡೆ ಬಿಸಿಲಿಗೆ ಬಿರಿದು, ಮಳೆಗೆ ಸವೆದು, ಹೊಳೆಯ ಪ್ರವಾಹದಲ್ಲಿ ಉರುಳಿ ಉರುಳಿ ಕೊನೆಗೆ ಬೆಣಚುಕಲ್ಲಿನ ಸಣ್ಣ ಹರಳುಗಳಾಗಿ ಉಳಿಯುತ್ತದೆ. ಇಂಥ ಮರಳಿನ ಒಂದು ಚಿಟಿಕೆಯನ್ನು ಗಾಜಿನ ನಳಿಗೆಯಲ್ಲಿಟ್ಟು ಅದರ ಮೇಲೆ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲವನ್ನು ಸುರಿದರೆ ಏನೂ ಆಗುವುದಿಲ್ಲ. ಆದರೆ ಹವಳದ್ವೀಪವೊಂದರ ಬೆಳ್ಳಗಿನ ಮರಳಿನ ಮೇಲೆ ಅದೇ ಆಮ್ಲವನ್ನು ಸುರಿದರೆ ನೊರೆ ಉಕ್ಕಿ, ಮರಳು ಕರಗಿಹೋಗುತ್ತದೆ. ಸೀಮೆಸುಣ್ಣವೂ ಕಡಲ ಚಿಪ್ಪೂ ಹೀಗೆಯೇ ಕರಗುತ್ತವೆ. ಅಂದಮೇಲೆ ಈ ಎರಡನೆಯ ಮರಳು ಬಂಡೆಯ ಚೂರಲ್ಲ, ಸುಣ್ಣ. ಅದು ಬೆಟ್ಟದಿಂದ ಬಂದುದಲ್ಲ, ಜೀವಿಗಳ ಶರೀರದಿಂದ ಬಂದುದು.

ಆ ಜೀವಿಗಳು ಯಾವುವು? ಹವಳದ ಹುಳುಗಳೆಂದು ಒಡನೆಯೇ ಉತ್ತರ ಬರುವುದು ಸಹಜ. ಅದು ಅರ್ಧ ಉತ್ತರ ಮಾತ್ರ. ಉಷ್ಣವಲಯದ ಅನೇಕ ಲಗೂನುಗಳ ತಳದ ಮರಳನ್ನು ಭೂತಗನ್ನಡಿಯಲ್ಲಿಟ್ಟು ನೋಡಿದರೆ ಅದರಲ್ಲಿ ಬಹುಪಾಲು ಚಪ್ಪಟೆಯಾದ, ಸೂಕ್ಷ್ಮ ರಂಧ್ರಗಳಿಂದ ತುಂಬಿದ ಪುಟ್ಟ ಬಿಲ್ಲೆಗಳು ಕಾಣುತ್ತವೆ. ಅವು ಪ್ರಾಣಿಯ ಅವಶೇಷಗಳಲ್ಲ. ಹಸಿರು ಪಾಚಿಯೊಂದರ ಅವಶೇಷಗಳು. ಆ ಪಾಚಿಯ ಹೆಸರು ಹ್ಯಾಲಿಮೀಡ. ಅದರ ರೂಪವೇನು, ಅದು ಎಲ್ಲಿ ವಾಸಿಸುತ್ತದೆ, ನೀರಿನಲ್ಲಿ ಕರಗಿರುವ ಸುಣ್ಣವನ್ನು ಹೇಗೆ ಕಲ್ಲಾಗಿಸುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಹೊರರೂಪ

ನಮ್ಮ ಹೊಲಗಳ ಬೇಲಿಯಲ್ಲಿ ಬೆಳೆಯುವ ಪಾಪಾಸುಕಳ್ಳಿಯನ್ನು ಎಲ್ಲರೂ ಬಲ್ಲರು. ಒಂದು ಚಪ್ಪಟೆಯ ಹಾಳೆಯ ಅಂಚಿನಿಂದ ಮತ್ತೊಂದು ಹಾಳೆ, ಅದರಿಂದ ಇನ್ನೊಂದು, ಹೀಗೆ ಅದು ಸರಪಳಿಯಂತೆ ಬೆಳೆಯುತ್ತದೆ. ಮುಳ್ಳುಗಳನ್ನು ಕಿತ್ತುಹಾಕಿ, ಇಡೀ ಗಿಡವನ್ನು ಗೇಣುದ್ದಕ್ಕೆ ಕುಗ್ಗಿಸಿ, ಒಂದೊಂದು ಹಾಳೆಯನ್ನೂ ಬೆರಳಿನ ಉಗುರಿನಷ್ಟು ಮಾಡಿ ಕಡಲಿನಲ್ಲಿ ನೆಟ್ಟರೆ ಹೇಗಿದ್ದೀತೋ ಹ್ಯಾಲಿಮೀಡವು ಹಾಗಿರುತ್ತದೆ. ಈ ಹೋಲಿಕೆ ವಿಜ್ಞಾನಿಗಳಿಗೂ ಹೊಳೆದಿತ್ತು. ಇದರ ಎರಡು ಪ್ರಸಿದ್ಧ ಜಾತಿಗಳ ಹೆಸರುಗಳಾದ ‘ಒಪನ್ಷಿಯ’, ‘ಟ್ಯೂನ’ ಎಂಬೆರಡೂ ಆ ಕಳ್ಳಿಯ ಹೆಸರುಗಳೇ.

ಚಪ್ಪಟೆಯ ಒಂದೊಂದು ಭಾಗವನ್ನೂ ಬಿಲ್ಲೆಯೆಂದು ಕರೆಯೋಣ. ಬಿಲ್ಲೆಯು ಕೆಲವು ಜಾತಿಗಳಲ್ಲಿ ದುಂಡಗೆ, ಕೆಲವುಗಳಲ್ಲಿ ಮೂತ್ರಪಿಂಡದ ಆಕಾರದಲ್ಲಿ, ಇನ್ನು ಕೆಲವುಗಳಲ್ಲಿ ಮೂರು ಹಾಲೆಗಳುಳ್ಳದ್ದಾಗಿ ಇರುತ್ತದೆ. ಎರಡು ಬಿಲ್ಲೆಗಳ ನಡುವೆ ಕಿರಿದಾದ ಗೆಣ್ಣು ಇದೆ. ಬಿಲ್ಲೆಯು ಸುಣ್ಣದಿಂದ ಬಿಗಿದು ಗಟ್ಟಿಯಾಗಿರುವುದು. ಗೆಣ್ಣಿನಲ್ಲಾದರೋ ಸುಣ್ಣವಿಲ್ಲ, ಅದು ಬಾಗಬಲ್ಲುದು. ಆದ್ದರಿಂದಲೇ ಕಲ್ಲಿನಂಥ ಶರೀರವಿದ್ದರೂ ಈ ಸಸ್ಯವು ಅಲೆಯ ಹೊಡೆತಕ್ಕೆ ಮುರಿಯದೆ ಬಾಗಿ ಏಳುತ್ತದೆ. ಸಂಕೋಲೆಯ ಕೊಂಡಿಗಳು ಗಡುಸಾಗಿದ್ದರೂ ಸಂಕೋಲೆ ಮಣಿಯುವುದಿಲ್ಲವೆ? ಇದೂ ಹಾಗೆಯೇ.

ಸುಣ್ಣದ ಗಡುಸು ಹಿಂದಿನವರನ್ನು ದಾರಿ ತಪ್ಪಿಸಿತು. ೧೭೫೮ರಲ್ಲಿ ಲಿನೇಯಸ್ ಮಹಾಶಯನು ತನ್ನ ಪ್ರಸಿದ್ಧ ಗ್ರಂಥದಲ್ಲಿ ಇದನ್ನು ಪ್ರಾಣಿವರ್ಗಕ್ಕೆ ಸೇರಿಸಿದನು. ಕಲ್ಲಿನ ಮೈಯನ್ನು ಕಟ್ಟಿಕೊಳ್ಳುವುದು ಹವಳದಂಥ ಪ್ರಾಣಿಗಳ ಕೆಲಸವೇ ಹೊರತು ಸಸ್ಯಗಳದಲ್ಲವೆಂಬುದು ಆ ಕಾಲದ ಅನೇಕರ ನಂಬಿಕೆಯಾಗಿತ್ತು. ಫ್ರಾನ್ಸಿನ ಲಾಮೂರೂ ಎಂಬ ವಿದ್ವಾಂಸನು ೧೮೧೨ರಲ್ಲಿ ಇದಕ್ಕೆ ‘ಹ್ಯಾಲಿಮೀಡ’ ಎಂಬ ಕುಲನಾಮವನ್ನಿತ್ತನು. ಗ್ರೀಕರ ಪುರಾಣದಲ್ಲಿ ಹ್ಯಾಲಿಮೀಡೆ ಒಬ್ಬ ಕಡಲಕನ್ಯೆ. ಇಂದು ಈ ಕುಲದಲ್ಲಿ ನಲವತ್ತಕ್ಕೂ ಮೇಲ್ಪಟ್ಟ ಜಾತಿಗಳನ್ನು ಗುರುತಿಸಿದ್ದಾರೆ.

ಗೋಡೆಯಿಲ್ಲದ ಮನೆ

ಹ್ಯಾಲಿಮೀಡದ ಒಳರಚನೆ ಹೊರರೂಪಕ್ಕಿಂತಲೂ ಸೋಜಿಗದ್ದು. ಮರವಾಗಲಿ ಹುಲ್ಲಾಗಲಿ ಅಸಂಖ್ಯ ಜೀವಕೋಶಗಳಿಂದ ಆದದ್ದು. ಪ್ರತಿಯೊಂದು ಕೋಶಕ್ಕೂ ತನ್ನದೇ ಆದ ಗೋಡೆ, ತನ್ನದೇ ಆದ ಒಂದು ಕೋಶಕೇಂದ್ರ ಇರುವುದೆಂದು ನಾವು ಪಾಠಗಳಲ್ಲಿ ಓದುತ್ತೇವೆ. ಹ್ಯಾಲಿಮೀಡದಲ್ಲಿ ಈ ವ್ಯವಸ್ಥೆಯಿಲ್ಲ. ಅದರ ಶರೀರವೆಲ್ಲ ಕವಲೊಡೆದ ಸೂಕ್ಷ್ಮ ನಾಳಗಳ ಹೆಣಿಗೆ. ಆ ನಾಳಗಳಲ್ಲಿ ಅಡ್ಡಗೋಡೆಗಳು ಇಲ್ಲವಾದುದರಿಂದ ಕೋಶರಸವು ಒಂದು ಬಿಲ್ಲೆಯಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಹರಿಯಬಲ್ಲುದು. ಅದರಲ್ಲಿ ಎಣಿಸಲಾರದಷ್ಟು ಕೋಶಕೇಂದ್ರಗಳೂ ಪತ್ರಹರಿತ್ತಿನ ಕಣಗಳೂ ತೇಲಾಡುತ್ತವೆ. ಒಂದರ್ಥದಲ್ಲಿ ಗೇಣುದ್ದದ ಈ ಸಸ್ಯವು ಒಂದೇ ಒಂದು ದೈತ್ಯ ಜೀವಕೋಶ!

ಬಿಲ್ಲೆಯೊಂದನ್ನು ಉದ್ದಕ್ಕೆ ಸೀಳಿ ನೋಡಿದರೆ ನಡುವಿನಲ್ಲಿ ನೀಳವಾಗಿ ಸಾಗುವ ನಾಳಗಳು ಕಾಣುತ್ತವೆ. ಅವುಗಳ ಪಕ್ಕದ ಕವಲುಗಳು ಹೊರಮುಖವಾಗಿ ಚಾಚಿ, ತುದಿಯಲ್ಲಿ ಪುಟ್ಟ ಚೀಲಗಳಂತೆ ಉಬ್ಬುತ್ತವೆ. ಈ ಚೀಲಗಳು ಒಂದರ ಪಕ್ಕದಲ್ಲೊಂದು ಒತ್ತಿ ನಿಂತು, ಜೇನುಹುಟ್ಟಿನ ಕಣ್ಣುಗಳಂತೆ ಬಿಲ್ಲೆಯ ಹೊರಮೈಯಾಗುತ್ತವೆ. ಒಳಗಿನ ನಾಳಗಳ ನಡುವೆ ಸಂದುಗಳು ಉಳಿಯುತ್ತವಷ್ಟೆ. ಆ ಸಂದುಗಳಲ್ಲಿ ಇರುವುದು ಕಡಲ ನೀರು. ಆದರೆ ಹೊರಮೈಯ ಚೀಲಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅದು ಹೊರಗಿನ ಕಡಲಿನಿಂದ ಬೇರ್ಪಟ್ಟ ನೀರು. ಮುಂದೆ ಹೇಳಲಿರುವ ಸುಣ್ಣದ ಕೆಲಸವೆಲ್ಲ ನಡೆಯುವುದು ಈ ಮುಚ್ಚಿದ ಸಂದುಗಳಲ್ಲಿ.

ಗೋಡೆಯಿಲ್ಲದ ಮನೆಗೆ ಒಂದು ಅಪಾಯವುಂಟು. ಮೀನೊಂದು ಒಂದು ತುದಿಯನ್ನು ಕಚ್ಚಿದರೆ ಇಡೀ ಸಸ್ಯದ ರಸ ಸೋರಿಹೋಗಬೇಡವೆ? ಹಾಗಾಗುವುದಿಲ್ಲ. ಗಾಯವಾದ ಕೂಡಲೆ ಅಲ್ಲಿನ ರಸ ಹೆಪ್ಪುಗಟ್ಟಿ ಬಿರಡೆಯಂತೆ ನಾಳವನ್ನು ಮುಚ್ಚಿಬಿಡುತ್ತದೆ. ಅಷ್ಟೇ ಅಲ್ಲ, ಮುರಿದುಬಿದ್ದ ತುಂಡು ಅನುಕೂಲವಾದ ನೆಲೆ ಸಿಕ್ಕಿದರೆ ಬೇರಿನಂಥ ಎಳೆಗಳನ್ನು ಬಿಟ್ಟು ಹೊಸ ಸಸ್ಯವಾಗಲೂ ಬಲ್ಲುದು. ಕಾಲರ್ಪ, ಕೋಡಿಯಂ ಮೊದಲಾದ ಹಸಿರು ಪಾಚಿಗಳೂ ಇಂಥ ನಾಳರಚನೆಯವೇ. ಅವು ಹ್ಯಾಲಿಮೀಡದ ಬಂಧುಗಳು.

ಸುಣ್ಣ ಕಟ್ಟುವ ವಿಧಾನ

ಕಡಲ ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ. ಬೈಕಾರ್ಬೊನೇಟೂ ಇದೆ. ಇವೆರಡೂ ಕೂಡಿದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಎಂದರೆ ಸುಣ್ಣಕಲ್ಲಿನ ದ್ರವ್ಯ ಆಗಬೇಕು. ಉಷ್ಣವಲಯದ ಮೇಲ್ಮೈ ನೀರಿನಲ್ಲಿ ಈ ದ್ರವ್ಯವು ಹರಳಾಗಲು ಬೇಕಾದುದಕ್ಕಿಂತಲೂ ಹೆಚ್ಚಾಗಿಯೇ ಕರಗಿದೆ. ಆದರೂ ಅದು ತಾನಾಗಿ ಸುಲಭವಾಗಿ ಹರಳುಗಟ್ಟುವುದಿಲ್ಲ. ಅದಕ್ಕೊಂದು ಪ್ರೇರಣೆ ಬೇಕು.

ಹ್ಯಾಲಿಮೀಡವು ಆ ಪ್ರೇರಣೆಯನ್ನು ಒದಗಿಸುವ ಬಗೆ ಹೀಗಿದೆ. ಹಗಲಿನಲ್ಲಿ ಸಸ್ಯವು ದ್ಯುತಿಸಂಶ್ಲೇಷಣೆಗಾಗಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳಬೇಕು. ನಾಳಗಳ ನಡುವಣ ಸಂದಿನ ನೀರಿನಿಂದ ಅದನ್ನು ಸೆಳೆದುಕೊಂಡಾಗ ಆ ನೀರಿನ ಆಮ್ಲಗುಣ ಕಡಮೆಯಾಗಿ ಕ್ಷಾರಗುಣ ಹೆಚ್ಚುತ್ತದೆ. ಕ್ಷಾರಗುಣ ಹೆಚ್ಚಿದಂತೆ ಬೈಕಾರ್ಬೊನೇಟು ಕಾರ್ಬೊನೇಟಾಗುತ್ತದೆ. ಕಾರ್ಬೊನೇಟು ಕ್ಯಾಲ್ಸಿಯಮ್ಮಿನೊಡನೆ ಸೇರಿ ಹರಳಾಗಿ ಇಳಿಯುತ್ತದೆ. ಸಂದಿನ ನೀರು ಹೊರಗಿನ ನೀರಿನೊಡನೆ ಸರಾಗವಾಗಿ ಬೆರೆಯುವಂತಿದ್ದರೆ ಈ ಬದಲಾವಣೆ ನಿಲ್ಲುತ್ತಿರಲಿಲ್ಲ. ಮುಚ್ಚಿದ ಸಂದು ಇರುವುದರ ಪ್ರಯೋಜನ ಇಲ್ಲಿ ಸ್ಪಷ್ಟವಾಗುತ್ತದೆ: ಸಸ್ಯದ ರೂಪವೇ ಅದರ ರಸಾಯನಕ್ರಿಯೆಗೆ ಪಾತ್ರೆಯಾಗಿದೆ.

ಹೀಗೆ ಇಳಿಯುವ ಹರಳು ಅರಗೊನೈಟ್ ಎಂಬ ಖನಿಜ. ಕ್ಯಾಲ್ಸಿಯಂ ಕಾರ್ಬೊನೇಟಿಗೆ ಎರಡು ಸಾಮಾನ್ಯ ಹರಳುರೂಪಗಳುಂಟು, ಕ್ಯಾಲ್ಸೈಟ್ ಮತ್ತು ಅರಗೊನೈಟ್. ದ್ರವ್ಯ ಒಂದೇ ಆದರೂ ಅರಗೊನೈಟು ಕ್ಯಾಲ್ಸೈಟಿಗಿಂತ ಸ್ವಲ್ಪ ಸುಲಭವಾಗಿ ಕರಗತಕ್ಕದ್ದು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು; ಲೇಖನದ ಕೊನೆಯಲ್ಲಿ ಇದರ ಕೆಲಸವಿದೆ. ಸೂಜಿಗಳಂತಿರುವ ಅರಗೊನೈಟ್ ಹರಳುಗಳು ಸಂದುಗಳನ್ನು ತುಂಬುತ್ತ ಹೋಗುತ್ತವೆ. ಬಲಿತ ಬಿಲ್ಲೆಯನ್ನು ಒಣಗಿಸಿ ತೂಗಿದರೆ ತೂಕದ ಬಹುಭಾಗ ಸುಣ್ಣವೇ ಆಗಿರುತ್ತದೆ.

ಇರುಳಿನ ಬೆಳವಣಿಗೆ

ಸಸ್ಯಗಳು ಬೆಳಕಿನಲ್ಲಿ ಆಹಾರವನ್ನು ಸಿದ್ಧಪಡಿಸುತ್ತವೆ ಎಂದಮೇಲೆ ಹೊಸ ಬಿಲ್ಲೆಯೂ ಹಗಲಿನಲ್ಲಿಯೇ ಹುಟ್ಟಬೇಕೆಂದು ಊಹಿಸುವುದು ಸಹಜ. ಹ್ಯಾಲಿಮೀಡದಲ್ಲಿ ಇದು ತಿರುವುಮುರುವು. ಸಂಜೆಗತ್ತಲಾದ ಮೇಲೆ ತುದಿಯ ಬಿಲ್ಲೆಯ ಅಂಚಿನಿಂದ ನಾಳಗಳ ಕಟ್ಟೊಂದು ಹೊರಚಾಚುತ್ತದೆ. ಬೆಳಗಾಗುವಷ್ಟರಲ್ಲಿ ಅದು ಪೂರ್ಣಾಕಾರದ ಬಿಲ್ಲೆಯಾಗಿರುತ್ತದೆ. ಆದರೆ ರಾತ್ರಿಯೆಲ್ಲ ಅದು ಬಿಳಿಯ ಬಿಲ್ಲೆ, ಅದರಲ್ಲಿ ಪತ್ರಹರಿತ್ತಿಲ್ಲ. ಸೂರ್ಯೋದಯದ ಹೊತ್ತಿಗೆ ಹಳೆಯ ಬಿಲ್ಲೆಗಳಿಂದ ಹಸಿರು ಕಣಗಳು ನಾಳಗಳ ಮೂಲಕ ಹರಿದುಬಂದು ಹೊಸ ಬಿಲ್ಲೆಯನ್ನು ಹಸಿರಾಗಿಸುತ್ತವೆ. ಅಡ್ಡಗೋಡೆಗಳಿಲ್ಲದ ಶರೀರಕ್ಕೆ ಮಾತ್ರ ಸಾಧ್ಯವಾಗುವ ಉಪಾಯವಿದು. ಸುಣ್ಣ ಕಟ್ಟುವ ಕೆಲಸ ಇನ್ನೂ ಒಂದೆರಡು ದಿನ ಕಳೆದ ಮೇಲೆ ಮೊದಲಾಗುತ್ತದೆ.

ಇದರಿಂದ ಏನು ಲಾಭ? ಹವಳದ ದಿಬ್ಬಗಳ ಸುತ್ತ ಪಾಚಿಯನ್ನು ಮೇಯುವ ಮೀನುಗಳು ಹಿಂಡುಹಿಂಡಾಗಿ ಇರುತ್ತವೆ. ಅವು ಹಗಲಿನಲ್ಲಿ ಕಣ್ಣಿನಿಂದ ನೋಡಿ ಮೇಯತಕ್ಕವು. ರಾತ್ರಿ ಕಲ್ಲುಸಂದುಗಳಲ್ಲಿ ಅಡಗಿ ವಿಶ್ರಮಿಸುತ್ತವೆ. ಸುಣ್ಣವಿಲ್ಲದ ಎಳೆಯ ಬಿಲ್ಲೆ ಅವುಗಳಿಗೆ ಮೆತ್ತನೆಯ ತುತ್ತು. ಆದುದರಿಂದ ಅತ್ಯಂತ ಸುಕುಮಾರವಾದ ಅವಸ್ಥೆಯನ್ನು ಸಸ್ಯವು ಮೀನುಗಳು ಇಲ್ಲದ ವೇಳೆಯಲ್ಲಿ ಕಳೆಯುತ್ತದೆ. ಬೆಳಗಿನ ಹೊತ್ತಿಗೂ ಬಿಲ್ಲೆ ಗಟ್ಟಿಯಾಗಿರುವುದಿಲ್ಲವಷ್ಟೆ. ಆಗ ಇನ್ನೊಂದು ರಕ್ಷಣೆ ಕೆಲಸಮಾಡುತ್ತದೆ. ಎಳೆಯ ಬಿಲ್ಲೆಗಳಲ್ಲಿ ಮೀನುಗಳಿಗೆ ಒಗ್ಗದ ವಿಷದ್ರವ್ಯಗಳು ಹಳೆಯ ಬಿಲ್ಲೆಗಳಲ್ಲಿರುವುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಇರುತ್ತವೆ. ಮೊದಲು ಕತ್ತಲೆ, ಅನಂತರ ವಿಷ, ಕೊನೆಗೆ ಕಲ್ಲಿನ ಕವಚ: ಹೀಗೆ ಮೂರು ಕಾವಲುಗಳು ಒಂದಾದಮೇಲೊಂದು ಸಿದ್ಧವಾಗಿರುತ್ತವೆ. ಈ ವಿಷಯವನ್ನು ಸ್ಪಷ್ಟಪಡಿಸಿದ ಪ್ರಯೋಗಗಳು ೧೯೮೮ರಲ್ಲಿ ಪ್ರಕಟವಾದುವು.

ಸಂತಾನವೂ ಮರಣವೂ

ತುಂಡಿನಿಂದ ಬೆಳೆಯುವುದಲ್ಲದೆ ಹ್ಯಾಲಿಮೀಡವು ಲಿಂಗಾಣುಗಳ ಮೂಲಕವೂ ಸಂತಾನವನ್ನು ಪಡೆಯುತ್ತದೆ. ಆದರೆ ಅದಕ್ಕೆ ತೆರಬೇಕಾದ ಬೆಲೆ ಪ್ರಾಣವೇ. ಒಂದು ರಾತ್ರಿ ಸಸ್ಯದ ಕೋಶರಸವೆಲ್ಲ ಹೊರಟು, ಬಿಲ್ಲೆಗಳ ಅಂಚಿನಲ್ಲಿ ದ್ರಾಕ್ಷಿಯ ಗೊಂಚಲುಗಳಂತೆ ಮೂಡಿದ ಹಸಿರು ಗುಳ್ಳೆಗಳಲ್ಲಿ ಸೇರುತ್ತದೆ. ಉಳಿದ ಮೈ ಬಿಳಿಚಿಕೊಳ್ಳುತ್ತದೆ. ಬೆಳಗಿನ ಜಾವದಲ್ಲಿ ಗುಳ್ಳೆಗಳು ಒಡೆದು, ಕೆಲವೇ ನಿಮಿಷಗಳೊಳಗೆ ಲಿಂಗಾಣುಗಳ ಹಸಿರು ಮೋಡ ನೀರಿನಲ್ಲಿ ಹರಡುತ್ತದೆ. ಆ ಬಳಿಕ ಉಳಿಯುವುದು ಬರಿದಾದ ಸುಣ್ಣದ ಅಸ್ಥಿಪಂಜರ. ಗೆಣ್ಣುಗಳು ಕೊಳೆತು, ಬಿಲ್ಲೆಗಳು ಒಂದೊಂದಾಗಿ ಕಳಚಿ ತಳಕ್ಕೆ ಬೀಳುತ್ತವೆ. ನೆನ್ನೆ ಹಸಿರು ಗಿಡವಿದ್ದ ಕಡೆ ಇಂದು ಹಿಡಿ ಮರಳು.

ಕೆರಿಬಿಯನ್ ಕಡಲಿನಲ್ಲಿ ನಡೆದು ೧೯೯೭ರಲ್ಲಿ ಪ್ರಕಟವಾದ ಅವಲೋಕನಗಳು ಇನ್ನೊಂದು ವಿಶೇಷವನ್ನು ತಿಳಿಸಿದುವು. ಒಂದೇ ಜಾತಿಯ ಅನೇಕ ಸಸ್ಯಗಳು ಒಂದೇ ಮುಂಜಾನೆ, ಹೆಚ್ಚು ಕಡಮೆ ಒಂದೇ ಗಳಿಗೆಯಲ್ಲಿ ಲಿಂಗಾಣುಗಳನ್ನು ಬಿಡುತ್ತವೆ. ಹತ್ತಿರದ ಬಂಧುಗಳಾದ ಬೇರೆ ಜಾತಿಗಳಾದರೋ ಅದೇ ಮುಂಜಾನೆಯಲ್ಲಿಯೂ ಬೇರೆ ಬೇರೆ ವೇಳೆಯನ್ನು ಪಾಲಿಸುತ್ತವೆ. ಹೀಗಾಗಿ ಸ್ವಜಾತಿಯ ಅಣುಗಳು ಕೂಡುವುದು ಸುಲಭ, ವಿಜಾತಿಯವು ಬೆರೆಯುವುದು ವಿರಳ.

ನೆಲೆಗಳು

ಹ್ಯಾಲಿಮೀಡವು ಮುಖ್ಯವಾಗಿ ಉಷ್ಣವಲಯದ ಬೆಚ್ಚಗಿನ, ತಿಳಿಯಾದ ಕಡಲುಗಳ ನಿವಾಸಿ. ಪೆಸಿಫಿಕ್, ಹಿಂದೂ ಮಹಾಸಾಗರ, ಕೆರಿಬಿಯನ್—ಈ ಮೂರೆಡೆಯಲ್ಲಿಯೂ ಅದು ವಿಪುಲ. ಟ್ಯೂನ ಜಾತಿ ಮಾತ್ರ ಮೆಡಿಟರೇನಿಯನ್ನಿನಲ್ಲಿಯೂ ಸಾಮಾನ್ಯವಾಗಿದೆ. ಮೊಣಕಾಲುದ್ದದ ನೀರಿನಿಂದ ಹಿಡಿದು ನೂರು ಮೀಟರಿಗಿಂತಲೂ ಹೆಚ್ಚಿನ ಆಳದವರೆಗೆ ಒಂದಲ್ಲ ಒಂದು ಜಾತಿ ದೊರೆಯುತ್ತದೆ. ಅಷ್ಟು ಆಳದಲ್ಲಿ ಬೆಳಕು ಬಹಳ ಕ್ಷೀಣ. ಆದರೂ ಅಲ್ಲಿ ಬದುಕಬಲ್ಲ ಹಸಿರು ಸಸ್ಯಗಳ ಪೈಕಿ ಇದೂ ಒಂದು.

ನೆಲೆ ಬದಲಾದಂತೆ ಬುಡದ ರೂಪವೂ ಬದಲಾಗುತ್ತದೆ. ಇದರಲ್ಲಿ ಮೂರು ಬಗೆಗಳನ್ನು ಕಾಣಬಹುದು. ಮೊದಲನೆಯದು ಬಂಡೆಗೆ ಅಂಟುವ ಜಾತಿಗಳದು. ಅವುಗಳ ಬುಡದಲ್ಲಿ ಚಿಕ್ಕದೊಂದು ಅಂಟುಮುದ್ದೆ ಸಾಕು. ಎರಡನೆಯದು ಮರಳಿನಲ್ಲಿ ನಿಲ್ಲುವ ಜಾತಿಗಳದು. ಸರಿದಾಡುವ ಮರಳಿನಲ್ಲಿ ಅಂಟುಮುದ್ದೆಯಿಂದ ಉಪಯೋಗವಿಲ್ಲ. ಅಲ್ಲಿ ಕೂದಲಿನಂಥ ಎಳೆಗಳು ಮರಳಕಣಗಳನ್ನು ಹಿಡಿದು ಗೆಡ್ಡೆಯಾಕಾರದ ದೊಡ್ಡ ಗಂಟಾಗಿ ನೆಲದೊಳಗೆ ಇಳಿದಿರುತ್ತವೆ. ಗಿಡವನ್ನು ಕೀಳಲು ಹೋದರೆ ಈ ಮರಳಿನ ಗೆಡ್ಡೆಯೂ ಮೇಲೆ ಬರುತ್ತದೆ. ಮೂರನೆಯದು ಒಪನ್ಷಿಯದಂಥ ಹರಡುವ ಜಾತಿಗಳದು. ಅವುಗಳ ಸರಪಳಿಗಳು ಹವಳದ ಚೂರುಗಳ ಮೇಲೆ ಹಬ್ಬುತ್ತ, ಅಲ್ಲಲ್ಲಿ ಎಳೆಗಳನ್ನು ಬಿಟ್ಟು ನೆಲವನ್ನು ಕಚ್ಚಿಕೊಂಡು, ಒತ್ತಾದ ಮೆತ್ತೆಯಂತೆ ಬೆಳೆಯುತ್ತವೆ.

ನಮ್ಮ ದೇಶದಲ್ಲಿ ಮನ್ನಾರ್ ಕೊಲ್ಲಿ, ಅಂಡಮಾನ್ ಮತ್ತು ಲಕ್ಷದ್ವೀಪಗಳ ಹವಳದ ನೆಲೆಗಳಲ್ಲಿ ಹ್ಯಾಲಿಮೀಡವಿದೆ. ಇವುಗಳಲ್ಲಿ ಲಕ್ಷದ್ವೀಪಕ್ಕೂ ಕನ್ನಡ ನಾಡಿಗೂ ಹಳೆಯ ಸಂಬಂಧ ಉಂಟು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮೊದಲಾದ ಉತ್ತರದ ದ್ವೀಪಗಳು ೧೯೫೬ರ ನವೆಂಬರಿನವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುವು. ತೆಂಗಿನ ನಾರನ್ನು ಹೊತ್ತ ಅಲ್ಲಿನ ಹಾಯಿದೋಣಿಗಳು ಮಂಗಳೂರಿಗೆ ಬರುತ್ತಿದ್ದುವು. ಬೆಟ್ಟವಿಲ್ಲದ, ನದಿಯಿಲ್ಲದ ಆ ದ್ವೀಪಗಳಿಗೆ ಮರಳನ್ನು ಒದಗಿಸುವುದು ಸುತ್ತಲಿನ ಕಡಲಿನ ಸುಣ್ಣಜೀವಿಗಳೇ.

ಬಾವಿ ತೋಡಿ ಕಂಡ ಸತ್ಯ

ಹವಳದ್ವೀಪಗಳನ್ನು ಕಟ್ಟಿದವರು ಯಾರೆಂಬ ವಿಚಾರದಲ್ಲಿ ಒಂದು ಪ್ರಸಿದ್ಧ ಪರೀಕ್ಷೆ ನಡೆದಿದೆ. ಮುಳುಗುತ್ತಿರುವ ಜ್ವಾಲಾಮುಖಿಯ ಸುತ್ತ ಹವಳದ ದಿಬ್ಬ ಮೇಲಕ್ಕೆ ಬೆಳೆಯುತ್ತ ಹೋದುದರಿಂದ ಉಂಗುರದಾಕಾರದ ದ್ವೀಪಗಳಾದುವೆಂದು ಡಾರ್ವಿನ್ನನು ೧೮೪೨ರಲ್ಲಿ ಬರೆದಿದ್ದನು. ಇದು ನಿಜವಾದರೆ ದ್ವೀಪವನ್ನು ಆಳವಾಗಿ ಕೊರೆದಾಗ ದಪ್ಪನೆಯ ಸುಣ್ಣದ ಪದರವೂ ಅದರ ಅಡಿಯಲ್ಲಿ ಜ್ವಾಲಾಮುಖಿಯ ಕಲ್ಲೂ ಸಿಗಬೇಕು. ಲಂಡನ್ನಿನ ರಾಯಲ್ ಸೊಸೈಟಿಯು ೧೮೯೬ರಿಂದ ೧೮೯೮ರವರೆಗೆ ಪೆಸಿಫಿಕ್ ಸಾಗರದ ಫುನಾಫುಟಿ ದ್ವೀಪದಲ್ಲಿ ಮೂರು ಬಾರಿ ಪ್ರಯತ್ನಿಸಿ ೧೧೧೪ ಅಡಿಗಳವರೆಗೆ ಕೊರೆಯಿಸಿತು. ಜ್ವಾಲಾಮುಖಿಯ ಕಲ್ಲು ಸಿಗಲಿಲ್ಲ. ಅದು ಸಿಕ್ಕಿದ್ದು ೧೯೫೨ರಲ್ಲಿ, ಮಾರ್ಷಲ್ ದ್ವೀಪಗಳ ಎನಿವೆಟಾಕಿನಲ್ಲಿ, ೧೨೦೦ ಮೀಟರಿಗಿಂತ ಹೆಚ್ಚಿನ ಆಳದಲ್ಲಿ.

ಆದರೂ ಫುನಾಫುಟಿಯ ಶ್ರಮ ವ್ಯರ್ಥವಾಗಲಿಲ್ಲ. ಅಲ್ಲಿ ಮೇಲೆ ಬಂದ ಸುಣ್ಣದಲ್ಲಿ ಹವಳವೇ ಪ್ರಧಾನವಾಗಿರಬಹುದೆಂದು ಎಲ್ಲರೂ ಎಣಿಸಿದ್ದರು. ಪರೀಕ್ಷಿಸಿದವರು ಕಂಡುದು ಬೇರೆ: ಕಲ್ಲಿನಂಥ ಕೆಂಪು ಪಾಚಿಗಳು, ಹ್ಯಾಲಿಮೀಡ, ಫೊರಾಮಿನಿಫೆರ ಎಂಬ ಸೂಕ್ಷ್ಮಜೀವಿಗಳು—ಇವುಗಳ ಪಾಲು ಬಹಳ ದೊಡ್ಡದಾಗಿತ್ತು. ಲಗೂನಿನ ತಳದಲ್ಲಿ ಕೊರೆದಾಗಲಂತೂ ಮೇಲಿನ ಅನೇಕ ಅಡಿಗಳವರೆಗೆ ಹ್ಯಾಲಿಮೀಡದ ಬಿಲ್ಲೆಗಳೇ ತುಂಬಿದ್ದುವು. ಹವಳದ್ವೀಪವೆಂದು ನಾವು ಹೆಸರಿಟ್ಟಿದ್ದರೂ ಅದರ ಕಟ್ಟಡದಲ್ಲಿ ಸಸ್ಯಗಳ ದುಡಿಮೆ ಹವಳಕ್ಕೆ ಕಡಮೆಯದಲ್ಲವೆಂದು ಇದರಿಂದ ಮನದಟ್ಟಾಯಿತು.

ಒಂದು ಲೆಕ್ಕ

ಇಷ್ಟು ಚಿಕ್ಕ ಸಸ್ಯದಿಂದ ಅಷ್ಟು ಮರಳು ಆಗುವುದುಂಟೆ? ಲೆಕ್ಕ ಹಾಕಿ ನೋಡೋಣ. ಆಸ್ಟ್ರೇಲಿಯದ ಮಹಾ ಹವಳದಿಬ್ಬದ ಮಧ್ಯಭಾಗದಲ್ಲಿ ನಡೆದು ೧೯೮೩ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಹ್ಯಾಲಿಮೀಡವು ಒಂದು ಚದರ ಮೀಟರಿನಲ್ಲಿ ವರ್ಷಕ್ಕೆ ಸುಮಾರು ೨ ಕಿಲೋಗ್ರಾಂ ಸುಣ್ಣವನ್ನು ಕೊಡುತ್ತದೆ. ಅರಗೊನೈಟಿನ ಸಾಂದ್ರತೆ ನೀರಿನದಕ್ಕಿಂತ ೨.೯ ಪಟ್ಟು. ಆದುದರಿಂದ ೨ ಕಿಲೋಗ್ರಾಮಿನ ಗಾತ್ರ ಸುಮಾರು ೬೯೦ ಘನ ಸೆಂಟಿಮೀಟರು. ಇದನ್ನು ಒಂದು ಚದರ ಮೀಟರಿನ ಮೇಲೆ ಸಮವಾಗಿ ಹರಡಿದರೆ ೦.೭ ಮಿಲಿಮೀಟರಿನಷ್ಟು ದಪ್ಪವಾಗುತ್ತದೆ. ಆದರೆ ಮರಳಿನ ಕಣಗಳ ನಡುವೆ ಎಡೆಯಿರುತ್ತದಷ್ಟೆ; ಗಾತ್ರದಲ್ಲಿ ಅರ್ಧ ಎಡೆಯೆಂದು ಭಾವಿಸಿದರೆ ದಪ್ಪ ೧.೪ ಮಿಲಿಮೀಟರು. ಎಲ್ಲವೂ ಬಿದ್ದಲ್ಲಿಯೇ ಉಳಿದರೆ ಒಂದು ಮೀಟರು ಮರಳು ಸೇರಲು ಸುಮಾರು ೭೦೦ ವರ್ಷ ಸಾಕು.

ಮನುಷ್ಯನ ಆಯುಸ್ಸಿಗೆ ಇದು ದೀರ್ಘಕಾಲ. ಭೂಮಿಯ ಆಯುಸ್ಸಿಗೆ ಒಂದು ಕ್ಷಣ. ಮಹಾ ಹವಳದಿಬ್ಬದ ಉತ್ತರಭಾಗದಲ್ಲಿ ಈ ಲೆಕ್ಕಕ್ಕೆ ಸಾಕ್ಷಿಯಿದೆ. ಅಲ್ಲಿ ಹೊರದಿಬ್ಬಗಳ ನಡುವಣ ಕಂಡಿಗಳ ಮೂಲಕ ಭರತದ ನೀರು ಒಳನುಗ್ಗುವಾಗ ಆಳದ ತಣ್ಣನೆಯ, ಪೋಷಕಲವಣಗಳು ತುಂಬಿದ ನೀರೂ ಬರುತ್ತದೆ. ಆ ಗೊಬ್ಬರದಿಂದ ಹ್ಯಾಲಿಮೀಡ ಹುಲುಸಾಗಿ ಬೆಳೆದು, ಕಳೆದ ಹಿಮಯುಗ ಮುಗಿದು ಕಡಲು ಏರಿದಂದಿನಿಂದ, ಎಂದರೆ ಸುಮಾರು ಹತ್ತು ಸಾವಿರ ವರ್ಷಗಳಲ್ಲಿ, ಕೆಲವೆಡೆ ೨೦ ಮೀಟರಿನಷ್ಟು ದಪ್ಪನೆಯ ದಿಣ್ಣೆಗಳನ್ನು ಕಟ್ಟಿದೆ. ೨೦೧೬ರಲ್ಲಿ ಪ್ರಕಟವಾದ ಸಮೀಕ್ಷೆ ಈ ದಿಣ್ಣೆಗಳು ೬೦೦೦ ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರವಾಗಿವೆಯೆಂದು ತೋರಿಸಿತು. ಇವುಗಳಲ್ಲಿ ಅನೇಕವು ೨೦೦ರಿಂದ ೩೦೦ ಮೀಟರು ಅಗಲದ ಉಂಗುರಗಳಂತಿವೆ.

ಮುಂದೇನು?

ಈಗ ಅರಗೊನೈಟು ಸುಲಭವಾಗಿ ಕರಗತಕ್ಕದ್ದೆಂಬ ಮಾತಿಗೆ ಬರೋಣ. ಕೈಗಾರಿಕೆಗಳು ಬೆಳೆಯುವ ಮೊದಲು ವಾಯುಮಂಡಲದ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡು ಸುಮಾರು ೨೮೦ ಭಾಗವಿತ್ತು. ಇಂದು ೪೨೦ನ್ನು ದಾಟಿದೆ. ಕಲ್ಲಿದ್ದಲು, ಎಣ್ಣೆಗಳನ್ನು ಸುಟ್ಟು ನಾವು ಹೊರಬಿಡುವ ಈ ಅನಿಲದ ಒಂದು ದೊಡ್ಡ ಪಾಲನ್ನು ಕಡಲು ಹೀರಿಕೊಳ್ಳುತ್ತಿದೆ. ನೀರಿನಲ್ಲಿ ಕರಗಿದ ಡೈಆಕ್ಸೈಡು ಆಮ್ಲವಾಗುತ್ತದೆ. ಆಮ್ಲವು ಕಾರ್ಬೊನೇಟನ್ನು ಕಡಮೆ ಮಾಡುತ್ತದೆ. ಕಡಲಿನ ಮೇಲ್ಮೈ ನೀರಿನ ಪಿಎಚ್ ಮೌಲ್ಯ ಈಗಾಗಲೇ ಸುಮಾರು ೮.೨ರಿಂದ ೮.೧ಕ್ಕೆ ಇಳಿದಿದೆ. ಕಡಲು ಇನ್ನೂ ಕ್ಷಾರವೇ. ಆದರೆ ಸುಣ್ಣ ಕಟ್ಟುವ ಜೀವಿಗಳ ಕೆಲಸ ಮೊದಲಿಗಿಂತ ಕಷ್ಟವಾಗುತ್ತಿದೆ.

ಹ್ಯಾಲಿಮೀಡದ ಗತಿ ಏನಾದೀತು? ಪ್ರಯೋಗಗಳಲ್ಲಿ ಎಲ್ಲ ಜಾತಿಗಳೂ ಒಂದೇ ರೀತಿಯಾಗಿ ನಡೆದುಕೊಂಡಿಲ್ಲ. ಕೆಲವುಗಳಲ್ಲಿ ಸುಣ್ಣ ಕುಂದಿತು. ಕೆಲವು ಹೆಚ್ಚಿನ ಬದಲಾವಣೆಯನ್ನು ತೋರಲಿಲ್ಲ. ಇದಕ್ಕೆ ಕಾರಣವನ್ನು ಓದುಗರು ಈಗ ತಾವೇ ಊಹಿಸಬಹುದು. ಮುಚ್ಚಿದ ಸಂದಿನ ನೀರನ್ನು ಹಗಲಿನಲ್ಲಿ ಸಸ್ಯವೇ ಕ್ಷಾರವಾಗಿಡಬಲ್ಲುದು. ಆದರೆ ರಾತ್ರಿ ದ್ಯುತಿಸಂಶ್ಲೇಷಣೆ ನಿಂತು ಉಸಿರಾಟ ಮಾತ್ರ ಉಳಿದಾಗ, ಹಾಗೂ ಸಸ್ಯ ಸತ್ತು ಬಿಲ್ಲೆಯು ಬರಿಯ ಮರಳಾದಾಗ, ಆ ರಕ್ಷಣೆ ಇರುವುದಿಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಹ್ಯಾಲಿಮೀಡವು ಇಂಗಾಲವನ್ನು ಕಲ್ಲಾಗಿ ಕೂಡಿಡುವುದರಿಂದ ಅದನ್ನು ಹೆಚ್ಚಾಗಿ ಬೆಳೆಸಿ ವಾಯುಮಂಡಲವನ್ನು ಶುದ್ಧಿಮಾಡಬಹುದೆಂದು ತೋರಬಹುದು. ಆದರೆ ಬೈಕಾರ್ಬೊನೇಟಿನ ಎರಡು ಪಾಲುಗಳಿಂದ ಕಾರ್ಬೊನೇಟಿನ ಒಂದು ಪಾಲು ಆಗುವಾಗ ಇನ್ನೊಂದು ಪಾಲು ಡೈಆಕ್ಸೈಡಾಗಿ ಮರಳಿ ನೀರಿಗೆ ಬರುತ್ತದೆ. ಆದ್ದರಿಂದ ಸುಣ್ಣ ಕಟ್ಟುವುದು ಆ ಅನಿಲಕ್ಕೆ ಪರಿಹಾರವಲ್ಲ.

ಫುನಾಫುಟಿ ಇಂದು ಟುವಾಲು ಎಂಬ ಸ್ವತಂತ್ರ ದೇಶದ ರಾಜಧಾನಿ. ಅಲ್ಲಿಯ ನೆಲವೂ ನಮ್ಮ ಲಕ್ಷದ್ವೀಪದ ನೆಲವೂ ಕಡಲಿನ ಮಟ್ಟಕ್ಕಿಂತ ಕೆಲವೇ ಮೀಟರು ಎತ್ತರ. ಅಲೆಗಳು ದಡದಿಂದ ಪ್ರತಿದಿನ ಮರಳನ್ನು ಒಯ್ಯುತ್ತವೆ. ಕಡಲಿನ ಮಟ್ಟವೂ ಏರುತ್ತಿದೆ. ಒಯ್ದ ಮರಳಿಗೆ ಬದಲು ಹೊಸ ಮರಳು ಬರುತ್ತಿರುವವರೆಗೆ ಮಾತ್ರ ದ್ವೀಪ ಉಳಿದೀತು. ಹೊಳೆಗಳಿರುವ ನಾಡಿನವರಾದ ನಮಗೆ ಮರಳನ್ನು ಬೆಟ್ಟಗಳು ಕೊಡುತ್ತವೆ. ಬೆಟ್ಟಗಳಿಲ್ಲದ ಆ ಜನರ ನೆಲ ನಿಂತಿರುವುದು ಹವಳದ ಮೇಲೆ, ಸೂಕ್ಷ್ಮಜೀವಿಗಳ ಮೇಲೆ, ಮತ್ತು ಕತ್ತಲಿನಲ್ಲಿ ದಿನಕ್ಕೊಂದು ಬಿಲ್ಲೆಯಂತೆ ಬೆಳೆಯುವ ಈ ಹಸಿರು ಪಾಚಿಯ ಮೇಲೆ.